ಗಾಳಕ್ಕಿಂತ ಮೊದಲು ದಂಡಿ



ಬೆಳಗಾವಿಯ ನಮ್ಮ ಹುಡುಗನೊಬ್ಬ ಕೇಳಿದ: "ಅಣ್ಣಾ, ಖಾನಾಪುರದ ಹೊಳ್ಯಾಗ ಮೀನ ಹಿಡೀಬೇಕು, ಏನೇನ್ ತಗೊಳ್ಲಿ?"

ಬಿದಿರಿನ ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಸಣ್ಣ ಗಾಳ, ಗಾಳದಿಂದ ಗೇಣು ಮೇಲೆ ಸೀಸದ ಗುಂಡು, ತೇಲಲಿಕ್ಕೆ ಜೋಳದ ದಂಟಿನ ಬೆಂಡು, ಎರೆಹುಳ. ಸಾಕು. ರೀಲು ಆಮೇಲೆ. ದೊಡ್ಡ ಗಾಳ ಬ್ಯಾಡ ತಮ್ಮಾ, ಸಣ್ಣ ಮೀನು ಹುಳ ತಿಂದು ಹೋಗ್ತಾವ.

ಆದರೆ ಕೋಲು ಹಿಡಿದು ನಿಲ್ಲೋ ದಂಡಿಗೂ ಇತಿಹಾಸ ಇದೆ. ಎಚ್. ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಗಾಳದ ಮೀನುಬೇಟೆ ಬಗ್ಗೆ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ ತಂದದ್ದು 1873ರಲ್ಲಿ. ಸಾಹೇಬರಿಗೆ ಹೊಳೆ ಮೋಜು. ನಮ್ಮವರಿಗೆ ನೀರು ಮುಟ್ಟುವುದೇ ಪ್ರಶ್ನೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಸರ್ಕಾರಿ ಹಣದ ಕೆರೆ-ಬಾವಿ ಅಸ್ಪೃಶ್ಯರಿಗೂ ತೆರೆದಿರಲಿ ಎಂಬ ಎಸ್. ಕೆ. ಬೋಲೆಯವರ ಠರಾವು ಅಲ್ಲಿನ ಶಾಸನಸಭೆಯಲ್ಲಿ ಪಾಸಾದದ್ದು 1923ರಲ್ಲಿ. ಪಾಸಾಯ್ತು, ಕಾಗದದಲ್ಲೇ ಕೂತಿತು! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದು ತೋರಿಸಬೇಕಾಯ್ತು.

ನಮ್ಮಜ್ಜಿ ಹೊಳೆಯಲ್ಲಿ ಬಟ್ಟೆ ಒಗೀತಿದ್ದದ್ದು ಊರವರ ಘಟ್ಟದ ಕೆಳಗೆ, ಅವರ ಸೋಪಿನ ನೊರೆ ಹರಿದು ಬರೋ ನೀರಿನಲ್ಲಿ.

ಅದಕ್ಕೇ ಹುಡುಗನಿಗೆ ಅಂದೆ: ಮೇಲಿನ ದಂಡ್ಯಾಗ ಕುಂದ್ರು. ನೀರು ತಿಳಿ ಇರ್ತದ. ಯಾರಾದ್ರೂ "ಯಾರ ಪೈಕಿ ನೀ?" ಅಂತ ಕೇಳಿದ್ರ ಬೆಂಡಿನ ಮ್ಯಾಲಿನ ಕಣ್ಣು ತಗೀಬ್ಯಾಡ.