ವೀರಗಲ್ಲು: ಪ್ರಾಣ ಕೊಟ್ಟವನಿಗೆ ಊರು ಸಲ್ಲಿಸಿದ ಋಣ

ಹೋರಾಡಿ ಮಡಿದವನ ನೆನಪಿಗೆ ನೆಟ್ಟ ಕಲ್ಲೇ ವೀರಗಲ್ಲು. ಕರ್ನಾಟಕದಲ್ಲಿ ಈ ಪದ್ಧತಿ ಸುಮಾರು 5ನೆಯ ಶತಮಾನದಿಂದ ಕಂಡುಬರುತ್ತದೆ. ವಿಜಯನಗರದ ಕಾಲದಲ್ಲೂ ಉಳಿದಿತ್ತು. ಗುಡಿಯ ಅಂಗಳ, ಕೆರೆಯ ಏರಿ, ಊರ ಬಾಗಿಲು, ಹೊಲದ ಬದುಗಳಲ್ಲಿ ಈ ಕಲ್ಲುಗಳು ಇಂದಿಗೂ ನಿಂತಿವೆ. ಅರಸರ ದಂಡಯಾತ್ರೆಗಳಲ್ಲಿ ಸತ್ತ ನಾಯಕರಿಗಷ್ಟೇ ಈ ಗೌರವ ಮೀಸಲಾಗಿರಲಿಲ್ಲ. ಊರಿಗಾಗಿ ಕಾದಿ ಸತ್ತ ಸಾಮಾನ್ಯರ ಕಲ್ಲುಗಳೂ ಹೇರಳವಾಗಿವೆ.

ಅಂಥ ಸಾವುಗಳ ಸಂದರ್ಭವನ್ನು ಶಾಸನಗಳು ನಿರ್ದಿಷ್ಟವಾಗಿ ಹೇಳುತ್ತವೆ. ದನಗಳ್ಳರನ್ನು ತಡೆದ ಕಾಳಗ ತುರುಗೋಳ್. ಹೆಂಗಸರ ಮಾನ ಕಾಯಲು ನಡೆದದ್ದು ಪೆಣ್ಬುಯ್ಯಲ್. ಊರನ್ನೇ ಸೂರೆ ಮಾಡಲು ಬಂದವರನ್ನು ಎದುರಿಸಿದ್ದು ಊರಳಿವು. ಇವುಗಳಲ್ಲಿ ತುರುಗೋಳಿನ ಕಲ್ಲುಗಳು ನಾಡಿನ ಉದ್ದಗಲಕ್ಕೂ ಸಿಗುತ್ತವೆ. ಉಳುಮೆ, ಗೊಬ್ಬರ, ಹಾಲು ಎಲ್ಲಕ್ಕೂ ದನವೇ ಆಧಾರವಾಗಿದ್ದ ಕಾಲದಲ್ಲಿ ಮಂದೆ ಹೋಯಿತೆಂದರೆ ಮುಂದಿನ ಬೆಳೆಯೂ ಹೋದಂತೆಯೇ. ಹಾಗಾಗಿ ಮಂದೆಯ ಬೆನ್ನಟ್ಟಿ ಹೋದವನು ಇಡೀ ಊರಿನ ಬದುಕಿಗಾಗಿ ಹೋದವನಾಗುತ್ತಿದ್ದ.

ಕಲ್ಲಿನ ಶಿಲ್ಪ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಲ್ಲಿರುತ್ತದೆ. ಕೆಳಗಿನದರಲ್ಲಿ ಕಾಳಗ, ತುರುಗೋಳಿನ ಕಲ್ಲಾದರೆ ಅಲ್ಲೇ ದನಗಳ ಸಾಲೂ ಇರುತ್ತದೆ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ. ಮೇಲೆ ಅವನು ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯ ಸೂರ್ಯ ಚಂದ್ರರು ಕೀರ್ತಿ ಶಾಶ್ವತವೆಂಬುದನ್ನು ಸೂಚಿಸುತ್ತಾರೆ.

ಸ್ವರ್ಗದ ಭರವಸೆ ಸತ್ತವನದಾದರೆ, ಉಳಿದವರ ಹೊಟ್ಟೆಪಾಡಿಗೆ ಬೇರೆ ಏರ್ಪಾಡಿತ್ತು. ಮಡಿದವನ ಮನೆಯವರಿಗೆ ಅರಸನೋ ನಾಡಿನ ಗಾವುಂಡರೋ ಭೂಮಿ ಬಿಡುತ್ತಿದ್ದರು. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬುವು ಇಂಥ ದತ್ತಿಗಳ ಹೆಸರುಗಳು. ದತ್ತಿಯನ್ನು ಕಸಿದುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲೆಂಬ ಶಾಪವನ್ನೂ ಅನೇಕ ಕಲ್ಲುಗಳಲ್ಲಿ ಕೆತ್ತಿಸಿದ್ದಾರೆ. ಹೀಗೆ ವೀರಗಲ್ಲು ಸ್ಮಾರಕವೂ ಹೌದು, ಭೂಮಿಯ ಹಕ್ಕುಪತ್ರವೂ ಹೌದು.

ಬೆಂಗಳೂರಿನ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ಕಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ದೊರೆ ಎರೆಯಪ್ಪನು ವೀರಮಹೇಂದ್ರನೆಂಬವನ ವಿರುದ್ಧ ಅಯ್ಯಪದೇವನ ನೆರವಿಗೆ ನಾಗತ್ತರನೆಂಬ ನಾಯಕನನ್ನು ಕಳುಹಿಸಿದ. ತುಂಬೆಪಾಡಿಯ ಕಾಳಗ ಕೈಮೀರಿದಾಗ ನಾಗತ್ತರನು ಆನೆಗಳೊಡನೆ ಹೋರಾಡಿ ಸತ್ತ. ಆಮೇಲೆ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೇಗೂರು ಹನ್ನೆರಡು ಎಂಬ ಹನ್ನೆರಡು ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ.

ಈ ಮರ್ಯಾದೆ ಪ್ರಾಣಿಗೂ ದಕ್ಕಿದ್ದುಂಟು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನ ತಕ್ಕೋಲದ ಯುದ್ಧವನ್ನು ವರ್ಣಿಸುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧ ಅದು. ಬೂತುಗನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಕೃಷ್ಣ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಕಾದಿ, ಎರಡೂ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುವುದೆಂದೂ ಬರೆಸಿದರು.

ಒಡೆಯನಿಗಾಗಿ ಜೀವ ಬಿಡುವ ವ್ರತ ಇದೇ ಸಂಸ್ಕೃತಿಯ ಇನ್ನೊಂದು ಮುಖ. ಗರುಡರೆಂಬ ಅಂಗರಕ್ಷಕರು ಒಡೆಯ ಸತ್ತರೆ ತಾವೂ ಸಾಯುವುದಾಗಿ ಭಾಷೆ ಕೊಡುತ್ತಿದ್ದರು. ಹೊಯ್ಸಳ ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನೂ ಲಕ್ಷ್ಮನ ಹೆಂಡತಿ ಸುಗ್ಗಲದೇವಿಯೂ ಗರುಡರೊಡನೆ ಪ್ರಾಣ ಬಿಟ್ಟರು. ಹಳೇಬೀಡಿನ ಗರುಡಗಂಬದಲ್ಲಿ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರ ಶಿಲ್ಪಗಳಿವೆ. ಗಂಡನ ಚಿತೆಯೇರಿದವರ ಮಹಾಸತಿಗಲ್ಲುಗಳನ್ನೂ ಈ ಸಾಲಿನಲ್ಲೇ ನೋಡಬೇಕು. ಬೆಳತೂರಿನ 1057ರ ಶಾಸನದ ದೇಕಬ್ಬೆ, ತಂದೆತಾಯಿ ತಡೆದರೂ ಕೇಳದೆ ಬೆಂಕಿಗೆ ಬಿದ್ದಳು. ಇಂಥ ಸಾವುಗಳಿಂದ ಯಾರ ಜೀವವೂ ಉಳಿಯಲಿಲ್ಲ, ಯಾರ ಮಂದೆಯೂ ಮರಳಲಿಲ್ಲ. ಊರು ಕಾಯಲು ಹೋದವನಿಗೂ ಭಾಷೆಗೆ ಕಟ್ಟುಬಿದ್ದು ಸತ್ತವನಿಗೂ ಅಂದಿನ ಸಮಾಜ ಒಂದೇ ಬಗೆಯ ಸ್ವರ್ಗವನ್ನು ಕೆತ್ತಿಸಿತು. ಇಂದಿನ ಓದುಗರು ಮಾತ್ರ ಎರಡನ್ನೂ ಬೇರೆಬೇರೆಯಾಗಿ ತೂಗಬೇಕಾಗುತ್ತದೆ.

ಕಾಳಗದ ರೀತಿಯೂ ಆಡಳಿತದ ವ್ಯವಸ್ಥೆಯೂ ಬದಲಾದಂತೆ ಕಲ್ಲು ನೆಡುವ ರೂಢಿ ಕ್ಷೀಣಿಸಿತು. ಕೆಲವು ಕಲ್ಲುಗಳು ಗ್ರಾಮದೇವತೆಗಳಾಗಿ ಪೂಜೆ ಪಡೆದವು, ಕೆಲವು ಚಪ್ಪಡಿಗಳಾಗಿ ಬಳಕೆಯಾದವು. ಬಿ.ಎಲ್. ರೈಸ್ 1886ರಲ್ಲಿ ಪ್ರಕಟಿಸಲು ತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಇವುಗಳ ಬರಹ ಅಚ್ಚಾಯಿತು. ಅರಸರ ಪ್ರಶಸ್ತಿಗಳಲ್ಲಿ ಕಾಣದ ಗಾವುಂಡರ, ಬಂಟರ, ದನಗಾಹಿಗಳ ಹೆಸರುಗಳು ಚರಿತ್ರೆಯೊಳಕ್ಕೆ ಬಂದದ್ದು ಬಹುಮಟ್ಟಿಗೆ ಈ ಕಲ್ಲುಗಳ ಮೂಲಕವೇ.