ಮೂರೇ ಗಾಡಿಯ ಕಾಲ: ಶೋರೂಂನಲ್ಲಿ ಆಯ್ಕೆ ಯಾಕೆ ಕಮ್ಮಿ?

ಇವತ್ತಿನ ಕಂತಿನಲ್ಲಿ ಗಾಡಿ ವಿಷಯ ಮಾತಾಡೋಣ. ಫೋನಿನಲ್ಲಿ ನೋಡಿದ್ರೆ ನೂರಾರು ಬೈಕ್, ಬಣ್ಣಬಣ್ಣದ ವೀಡಿಯೊ. ರೊಕ್ಕ ಜೋಡಿಸಿಕೊಂಡು ಶೋರೂಂಗೆ ಹೋದ್ರೆ ಕಣ್ಣಿಗೆ ಬೀಳೋದು ನಾಲ್ಕೋ ಐದೋ ಮಾಡೆಲ್. "ನೀವು ಕೇಳಿದ್ದು ಸ್ಟಾಕ್ ಇಲ್ರಿ, ಇದು ಐತಿ, ಇವತ್ತೇ ಒಯ್ಯಬಹುದು" ಅಂತಾರೆ. ನನಗೂ ಇದೇ ಮಾತು ಸಿಕ್ಕಿದೆ, ನಿಮ್ಮಲ್ಲಿ ಬಹಳ ಮಂದಿಗೆ ಸಿಕ್ಕಿರಬೇಕು. ಈ "ಇಲ್ರಿ" ಅನ್ನೋ ಮಾತಿಗೆ ಒಂದು ಇತಿಹಾಸ ಇದೆ. ಅದನ್ನೇ ಇವತ್ತು ಬಿಚ್ಚಿ ನೋಡೋಣ.

ನನ್ನೂರು ಗದಗ ಸೀಮೆಯ ಸೊರಟೂರ. ಇತಿಹಾಸದ ಪುಸ್ತಕದಲ್ಲಿ ಈ ಊರಿನ ಹೆಸರು ಒಂದು ಯುದ್ಧಕ್ಕಾಗಿ ಬರುತ್ತೆ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಇಲ್ಲಿ ಸೇವುಣರ ಐದನೇ ಭಿಲ್ಲಮನನ್ನು ಸೋಲಿಸಿದ. ಆಗಿನ ದೊರೆಗಳಿಗೆ ಸವಾರಿ ಅಂದ್ರೆ ಕುದುರೆ. ಒಳ್ಳೆ ಕುದುರೆ ಈ ನೆಲದಲ್ಲಿ ಸಾಕಷ್ಟು ಹುಟ್ಟುತ್ತಿರಲಿಲ್ಲ, ಅರಬ್ ನಾಡಿನಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರಬೇಕಿತ್ತು. ರಾಜನಾದರೂ ಬಂದರಿಗೆ ಬಂದದ್ದರಲ್ಲೇ ಆರಿಸಬೇಕು. ಸರಕು ಯಾರ ಕೈಯಲ್ಲಿದೆಯೋ ಆಯ್ಕೆಯೂ ಅವರ ಕೈಯಲ್ಲೇ. ಇದೊಂದು ಮಾತು ನೆನಪಿಟ್ಟುಕೊಂಡು ಮುಂದೆ ಬರ್ರಿ.

ಈಗ ಸ್ವಾತಂತ್ರ್ಯದ ನಂತರದ ಕಾಲಕ್ಕೆ ಬರೋಣ. 1951ರಲ್ಲಿ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ ಬಂತು. ಕಾರ್ಖಾನೆ ಹಾಕೋದಕ್ಕೆ ಲೈಸೆನ್ಸ್, ದೊಡ್ಡದು ಮಾಡೋದಕ್ಕೆ ಲೈಸೆನ್ಸ್, ಹೊಸ ಸಾಮಾನು ತಯಾರಿಸೋದಕ್ಕೂ ಲೈಸೆನ್ಸ್. ವರ್ಷಕ್ಕೆ ಇಷ್ಟೇ ಗಾಡಿ ಮಾಡಬೇಕು ಅಂತ ಮಿತಿ. ವಿದೇಶಿ ವಿನಿಮಯ ಉಳಿಸಬೇಕು ಅಂತ ಆಮದಿಗೂ ತಡೆ. ಉದ್ದೇಶ ಕೆಟ್ಟದ್ದಿರಲಿಲ್ಲ: ಇದ್ದ ಸ್ವಲ್ಪ ಉಕ್ಕು, ಸ್ವಲ್ಪ ಡಾಲರ್ ಅಣೆಕಟ್ಟಿಗೆ, ದೊಡ್ಡ ಕೈಗಾರಿಕೆಗೆ ಹೋಗಲಿ ಅನ್ನೋದು. ಆದರೆ ಗಾಡಿ ಬೇಕು ಅನ್ನೋ ಮಂದಿ ಹೆಚ್ಚಾದ ಹಾಗೆ ಗಾಡಿ ಹೆಚ್ಚಾಗಲಿಲ್ಲ.

ಹಾಗಾಗಿ ಸುಮಾರು ಇಪ್ಪತ್ತು ವರ್ಷ ದೇಶದ ಮೋಟರ್ ಸೈಕಲ್ ಪೇಟೆಯಲ್ಲಿ ಮುಖ್ಯವಾಗಿ ಮೂರೇ ಹೆಸರು. ಒಂದು, ಬುಲೆಟ್. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯ್ತು, ಮೂಲ ಇಂಗ್ಲೆಂಡಿನದು. ಎರಡು, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್. ಪೋಲೆಂಡಿನ ಗಾಡಿಯ ಮಾದರಿ, 175 ಸಿಸಿ, ಹಳ್ಳಿ ರಸ್ತೆಗೆ ಗಟ್ಟಿಮುಟ್ಟು. ಮೂರನೇದು ನಮ್ಮ ರಾಜ್ಯದ್ದೇ, ಜಾವಾ.

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ ಕಂಪನಿ. ಯಾನೆಚೆಕ್ ಅನ್ನುವವರು ವಾಂಡರರ್ ಕಂಪನಿಯ ಮೋಟರ್ ಸೈಕಲ್ ಹಕ್ಕು ಕೊಂಡರು. ಎರಡೂ ಹೆಸರಿನ ಮೊದಲಕ್ಷರ ಸೇರಿ ಜಾವಾ. 1960ರಲ್ಲಿ ರುಸ್ತಂ ಮತ್ತು ಫಾರೂಕ್ ಇರಾನಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಗಾಡಿ ಹೊರಬಿತ್ತು. ಎರಡು ಸೈಲೆನ್ಸರ್, ಜೊತೆಗೆ ಒಂದು ಜಾಣತನ: ಕಿಕ್ ಹೊಡೆಯೋ ಕೋಲನ್ನೇ ಮಡಚಿದ್ರೆ ಅದೇ ಗೇರ್. 1973ರಲ್ಲಿ ಹೆಸರು ಯೆಜ್ಡಿ ಅಂತ ಆಯ್ತು, ಇರಾನಿನ ಯಜ್ದ್ ಊರಿನ ನೆನಪಿಗೆ.

ಈಗ ಯೋಚನೆ ಮಾಡ್ರಿ, ಆಗ ಗಾಡಿ ಕೊಳ್ಳೋದು ಹೆಂಗಿತ್ತು? ಗದಗ ಆಗ ಜಿಲ್ಲೆ ಅಲ್ಲ, 1997ರವರೆಗೆ ಧಾರವಾಡ ಜಿಲ್ಲೆಯದೇ ಭಾಗ. ಆರಿಸೋ ಪ್ರಶ್ನೆಗಿಂತ ಕಾಯೋ ಪ್ರಶ್ನೆ ದೊಡ್ಡದು. ಸ್ಕೂಟರಿಗಂತೂ ಹೆಸರು ಬರೆಸಿ, ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಜಾಜ್ ಚೇತಕ್‌ಗೆ ಹತ್ತು ವರ್ಷದ ಹತ್ತಿರ ಕಾದವರೂ ಇದ್ದರು. ಕಾಯೋಕಾಗದವರು ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಹೊಸದಕ್ಕಿಂತ ಹೆಚ್ಚು ರೊಕ್ಕ ಕೊಟ್ಟು ಒಯ್ಯುತ್ತಿದ್ದರು. ಸರತಿಯಲ್ಲಿ ಸಿಕ್ಕ ಗಾಡಿಯನ್ನು ಮಾರಿದರೇ ಲಾಭ. ಕೊರತೆ ಇದ್ದಲ್ಲಿ ಗಿರಾಕಿ ದೇವರಲ್ಲ, ಅರ್ಜಿದಾರ.

ಇದಕ್ಕೊಂದು ಇನ್ನೊಂದು ಮುಖವೂ ಇತ್ತು, ಅದನ್ನೂ ಹೇಳಬೇಕು. ಮೂರೇ ಗಾಡಿ ಇದ್ದದ್ದರಿಂದ ಮೆಕ್ಯಾನಿಕ್‌ಗೆ ಆ ಮೂರರ ನಟ್ಟು, ಬೋಲ್ಟು ಎಲ್ಲ ಬಾಯಿಪಾಠ. ವರ್ಷಗಟ್ಟಲೆ ಮಾಡೆಲ್ ಬದಲಾಗದ್ದರಿಂದ ಹಳೇ ಗಾಡಿಯ ಸಾಮಾನು ಹೊಸದಕ್ಕೂ ಕೂಡುತ್ತಿತ್ತು. ಆಯ್ಕೆ ಕಮ್ಮಿ, ಆಯುಷ್ಯ ಜಾಸ್ತಿ.

ಬದಲಾವಣೆ ಬಂದದ್ದು 1980ರ ದಶಕದಲ್ಲಿ. ಸರ್ಕಾರ 100 ಸಿಸಿ ಗಾಡಿಗಳಿಗೆ ಜಪಾನಿನ ಕಂಪನಿಗಳ ಜೊತೆ ಸೇರಲು ಅನುಮತಿ ಕೊಟ್ಟಿತು. ನಮ್ಮ ಗಡಿಗೆ ಹತ್ತಿದ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೊ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಅಷ್ಟರವರೆಗೆ ಜಾವಾ, ರಾಜದೂತ್ ಎಲ್ಲ ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೀರೊ ಹೋಂಡಾದ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಆ ತಕರಾರಿಲ್ಲ, ಪೆಟ್ರೋಲ್ ಖರ್ಚೂ ಕಮ್ಮಿ. ಹೊಲಕ್ಕೂ ಸಂತೆಗೂ ಓಡಾಡೋ ಮನೆಗೆ ಗತ್ತಿಗಿಂತ ಮೈಲೇಜ್ ಮುಖ್ಯ ಆಯ್ತು. 1991ರ ಜುಲೈ 24ರ ಹೊಸ ಕೈಗಾರಿಕಾ ನೀತಿ ಬಹುಪಾಲು ಉದ್ಯಮಗಳಿಗೆ ಲೈಸೆನ್ಸನ್ನೇ ತೆಗೆದುಹಾಕಿತು.

ಬಾಗಿಲು ತೆರೆದಾಗ ಎಲ್ಲರಿಗೂ ಒಳ್ಳೇದಾಗಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ನೂರಾರು ಮನೆಗಳ ಒಲೆ ಆ ಗೇಟಿನ ಮೇಲೆ ನಿಂತಿತ್ತು. ಪೈಪೋಟಿ ಇಲ್ಲದೆ ಬೆಳೆದದ್ದಕ್ಕೆ ಪೈಪೋಟಿ ಬಂದಾಗ ತಡೆಯೋ ಶಕ್ತಿ ಉಳಿದಿರಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು ಖರೆ, ಆದರೆ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ.

ಹಂಗಾದ್ರೆ ಲೈಸೆನ್ಸ್ ಹೋಗಿ ಮೂವತ್ತು ವರ್ಷ ದಾಟಿದ ಮೇಲೂ ಶೋರೂಂನಲ್ಲಿ "ಇಲ್ರಿ" ಯಾಕೆ? ಈಗಿನ ಕೊರತೆ ಬೇರೆ ಥರದ್ದು. ಡೀಲರ್ ಗಾಡಿಗಳನ್ನು ಸಾಮಾನ್ಯವಾಗಿ ಸಾಲದ ರೊಕ್ಕದಲ್ಲಿ ತಂದಿಡ್ತಾನೆ. ನಿಂತ ಗಾಡಿ ಅಂದ್ರೆ ದಿನಾ ಏರೋ ಬಡ್ಡಿ. 2017ರಲ್ಲಿ ಏನಾಯ್ತು ನೆನಪಿದೆಯಾ? ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಮಾರ್ಚ್ 29ರಂದು ಹೇಳಿತು. ಆಗ ಮಾರಾಟವಾಗದೆ ಉಳಿದಿದ್ದ ವಾಹನ 8 ಲಕ್ಷಕ್ಕೂ ಹೆಚ್ಚು, ಅದರಲ್ಲಿ 6.7 ಲಕ್ಷದಷ್ಟು ದ್ವಿಚಕ್ರ. ಎರಡೇ ದಿನದಲ್ಲಿ ಸಾವಿರಾರು ರೂಪಾಯಿ ರಿಯಾಯಿತಿ ಕೊಟ್ಟು ಖಾಲಿ ಮಾಡೋಕೆ ಓಡಿದರು. 2020ರ ಏಪ್ರಿಲ್‌ಗೆ ಬಿಎಸ್-6 ಬಂತು. ಇಷ್ಟು ಕಂಡ ಡೀಲರ್ ಸಣ್ಣ ಊರಲ್ಲಿ ಓಡೋ ಮಾಡೆಲ್ ಬಿಟ್ಟು ಬೇರೆ ಇಡೋಕೆ ಹಿಂದೆಮುಂದೆ ನೋಡ್ತಾನೆ. ಅದು ಅವನ ಲೆಕ್ಕ. ನಮ್ಮ ಲೆಕ್ಕ ಬೇರೆ ಇರಬೇಕು.

ಅಂದಿನ ಗಿರಾಕಿಗೆ ಬೇರೆ ದಾರಿ ಇರಲಿಲ್ಲ, ಇಂದು ಇದೆ. ಇಲ್ಲದ ಮಾಡೆಲ್ ಬೇಕಾದ್ರೆ ತರಿಸೋಕೆ ಎಷ್ಟು ದಿನ ಅಂತ ಕೇಳಿ, ಬುಕಿಂಗ್ ರಸೀದಿಯಲ್ಲಿ ಬರೆಸಿಕೊಳ್ಳಿ. ಹುಬ್ಬಳ್ಳಿಯಲ್ಲೂ ದರ ವಿಚಾರಿಸಿ. "ಇವತ್ತೇ ಒಯ್ಯಿರಿ" ಅಂದ ಗಾಡಿ ಯಾವ ತಿಂಗಳು ತಯಾರಾದದ್ದು ನೋಡಿ. ಬಹಳ ದಿನ ನಿಂತಿದ್ರೆ ದರ ಇಳಿಸೋಕೆ ಅದೇ ನಿಮ್ಮ ಅಸ್ತ್ರ. ಮೂರೇ ಗಾಡಿಯ ಕಾಲ ಕಲಿಸಿದ ಪಾಠವನ್ನೂ ಬಿಡಬೇಡಿ: ನಿಮ್ಮೂರ ಮೆಕ್ಯಾನಿಕ್‌ಗೆ ಅದು ಗೊತ್ತಾ, ಸಾಮಾನು ಹತ್ತಿರ ಸಿಗುತ್ತಾ? ಐದು ವರ್ಷದ ಕಂತು ಕಟ್ಟೋರು ನೀವು. ಇದೇ ಚಲೋ ಅನ್ನೋದಕ್ಕೂ, ಇದೇ ಐತಿ ಅನ್ನೋದಕ್ಕೂ ಇರೋ ಫರಕು ಗೊತ್ತಿದ್ದು ಸಹಿ ಹಾಕ್ರಿ.

ನಿಮ್ಮ ಮನೆಯಲ್ಲಿ ಹಳೇ ಜಾವಾ, ರಾಜದೂತ್ ಓಡಿಸಿದ ಹಿರಿಯರಿದ್ರೆ ಒಮ್ಮೆ ಕೇಳಿ: ಎಷ್ಟು ದಿನ ಕಾದ್ರಿ, ಎಷ್ಟು ಕೊಟ್ರಿ ಅಂತ. ಆ ಉತ್ತರ ಫೋನಿನಲ್ಲಿ ಸಿಗೋದಿಲ್ಲ. ಮುಂದಿನ ಕಂತಿನಲ್ಲಿ ಸಿಗೋಣ, ಬರ್ತೀನ್ರಿ.