ಉಬ್ಬಿದ ಕೇಸು, ಹಿಗ್ಗಿಸಿದ ಕೊಳವೆ

ಮುಂಡರಗಿ ಕಡೆ, ಕಪ್ಪತಗುಡ್ಡದ ಬುಡದಲ್ಲಿ ನಮ್ಮೂರು. ಶೇಂಗಾ ಹೊಲಕ್ಕೆ ಹಂದಿ ಕಾಟ ಅಂತ ಕಾಕಾನ ಹತ್ರ ಲೈಸೆನ್ಸಿನ ಹಳೇ ರೈಫಲ್ ಒಂದಿದೆ. ಅಜ್ಜನ ಕಾಲದಲ್ಲಿ ಯಾರೋ ಅದರ ಚೇಂಬರ್ ಕೊರೆದು, ಬೇರೆ ಅಳತೆಯ ತೋಟಾ ಹಿಡಿಯೋ ಹಾಗೆ ಮಾಡಿದ್ದರಂತೆ. ದೀಪಾವಳಿಗೆ ಹೋದಾಗ ಕಾಕಾ ನಾಲ್ಕು ಖಾಲಿ ಕೇಸು ಕೈಗಿಟ್ಟ.

"ತಮ್ಮಾ, ಮದ್ದ ಯಾಕೋ ಜೋರ ಆಗೇತಿ ನೋಡು."

ನಾಲ್ಕೂ ಬುಡದ ಹತ್ರ ಒಂದೇ ಮಗ್ಗುಲಿಗೆ ಉಬ್ಬಿದ್ದವು. ಒಂದರಲ್ಲಿ ಕೂದಲೆಳೆಯಂಥ ಬಿರುಕು. ಬಿಇ ಲ್ಯಾಬಿನ ಕ್ಯಾಲಿಪರ್ ಇನ್ನೂ ಮನೇಲಿತ್ತು, ಅಳೆದೆ. ಒಂದೇ ಕೇಸು ಉಬ್ಬಿದ್ದರೆ ತೋಟಾ ಮೇಲೆ ಅನುಮಾನ ಪಡಬಹುದಿತ್ತು. ಇಲ್ಲಿ ಎರಡು ಬೇರೆ ಪೆಟ್ಟಿಗೆಯ ತೋಟಾ, ಉಬ್ಬು ಮಾತ್ರ ಒಂದೇ ಜಾಗದಲ್ಲಿ. ಅಂದ್ರೆ ತಪ್ಪು ಮದ್ದಿನದಲ್ಲ, ಚೇಂಬರಿನದು. ತೋಟಾ ಚೇಂಬರಿನ ತಳಕ್ಕೆ ಕೂತಿರುತ್ತೆ, ಖಾಲಿ ಜಾಗ ಮೇಲೆ ಉಳಿಯುತ್ತೆ, ಸುಟ್ಟಾಗ ಹಿತ್ತಾಳೆ ಆ ಕಡೆಗೇ ಹಿಗ್ಗುತ್ತೆ. ಹಿಂದೆ ರಿಪೇರಿಯವರೊಬ್ಬರು ಗೇಜ್ ಹಾಕಿ "ಸರಿ ಐತ್ರಿ" ಅಂದಿದ್ದರಂತೆ. ಅವರದ್ದೂ ಸುಳ್ಳಲ್ಲ. ಇದು ಅಂಚಿರುವ ತೋಟಾ. ಗೇಜ್ ನೋಡೋದು ಆ ಅಂಚಿಗೂ ಬೋಲ್ಟಿಗೂ ನಡುವಿನ ಸಂದನ್ನ, ಚೇಂಬರಿನ ಅಗಲವನ್ನಲ್ಲ. ಅಗಲ ಬೇಕಂದ್ರೆ ಒಳಗೆ ಅಚ್ಚು ಹೊಯ್ದು ತೆಗೆದು ಅಳೀಬೇಕು. ಬಿರುಕು ದೊಡ್ಡದಾದ ದಿನ ಬಿಸಿ ಗಾಳಿ ಹಿಂದಕ್ಕೆ, ಕಾಕಾನ ಕಣ್ಣಿಗೇ ಬರೋದು.

ಹಿಗ್ಗಿದ ಕೊಳವೆ ಅಂದ್ರೆ ಸವೆತ ಇಲ್ಲವೇ ಕೆಟ್ಟ ಕೈಕೆಲಸ ಅಂದುಕೊಂಡಿದ್ದೆ. ಬೇಕಂತಲೇ ಹಿಗ್ಗಿಸಿದ್ದೂ ಉಂಟು.

1857ರಲ್ಲಿ ಕಂಪನಿ ಸರ್ಕಾರ ಜನರ ಹತಾರ ಕಸಿಯುವ ಕಾಯಿದೆ ತಂತು. ಅದೇ ವರ್ಷ ಮುಧೋಳ ಸೀಮೆಯ ಹಲಗಲಿ ಬೇಡರು ಕೊಡಲ್ಲ ಅಂತ ಎದ್ದರು. ಮರುವರ್ಷ ಮೇ ತಿಂಗಳಲ್ಲಿ ನಮ್ಮ ಮುಂಡರಗಿ ಭೀಮರಾಯ ಡಂಬಳದ ಖಜಾನೆಗೆ ನುಗ್ಗಿದ. ಹಮ್ಮಿಗಿಯ ಕೆಂಚನಗೌಡ ಜೊತೆಗಿದ್ದ. ಜೂನ್ 1ರಂದು ಕೊಪ್ಪಳ ಕೋಟೆಯಲ್ಲಿ ಇಬ್ಬರೂ ಬಿದ್ದರು.

ಜನರ ಹತಾರ ಕಸಿಯೋದು ಸುಲಭ, ಆದರೆ ಸ್ವಂತ ಸಿಪಾಯಿಗೆ ಬಂದೂಕು ಕೊಡದೆ ಆಗುತ್ತಾ? ದಂಗೆಯ ಕಿಡಿ ಹತ್ತಿದ್ದೇ 1853ರ ನಮೂನೆಯ ಎನ್‌ಫೀಲ್ಡ್ ರೈಫಲ್ಲಿನ ತೋಟಾದಿಂದ. ಅದರ ಕೊಳವೆ 0.577 ಇಂಚು, ಒಳಗೆ ಮೂರು ಸುರುಳಿ ಗಾಡಿ. ಗುಂಡು ದೂರಕ್ಕೆ ನೇರ ಹೋಗುತ್ತಿದ್ದದ್ದು ಆ ಗಾಡಿಗಳಿಂದಲೇ. ದೇಶೀ ಸಿಪಾಯಿಗಳಿಗಾಗಿ ಬಂದ 1858ರ ನಮೂನೆಯಲ್ಲಿ ಆ ಗಾಡಿಗಳನ್ನೇ ಕೊರೆದು ತೆಗೆದು ಕೊಳವೆಯನ್ನ 0.656 ಇಂಚಿಗೆ ಹಿಗ್ಗಿಸಿದರು. ನೋಡೋಕೆ ಅದೇ ಬಂದೂಕು, ಗುರಿ ಮಾತ್ರ ಹಳೇ ಮಸ್ಕೆಟ್ಟಿನದು. ಗೋರಾ ಸೈನಿಕನ ಕೈಲಿ ರೈಫಲ್ ಉಳೀತು.

ಲೆಕ್ಕ ಹಾಕಿ: ವ್ಯಾಸದಲ್ಲಿ 2 ಮಿಲಿಮೀಟರ್, ಅಂದ್ರೆ ಗೋಡೆಯಿಂದ ಸುತ್ತಲೂ 1 ಮಿಲಿಮೀಟರ್ ಕಬ್ಬಿಣ ಹೋಯ್ತು. ತೆಳುವಾದ ಕೊಳವೆಗಳು ಕೆಡತೊಡಗಿದವು. 1859ರ ನಮೂನೆಯಲ್ಲಿ ದಪ್ಪ ಗೋಡೆಯ ಕೊಳವೆ ಮಾಡಿಸಬೇಕಾಯ್ತು. ಅಪನಂಬಿಕೆಗೆ ಬರೆದ ಪ್ಯಾಚು, ಅದಕ್ಕೆ ಮತ್ತೊಂದು ಪ್ಯಾಚು! ಚಾಳಿ ಅಲ್ಲಿಗೇ ಬಿಡಲಿಲ್ಲ. 20ನೇ ಶತಮಾನದಲ್ಲೂ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ .303 ಲೀ-ಎನ್‌ಫೀಲ್ಡ್‌ಗಳನ್ನ .410ರ ನುಣುಪು ಕೊಳವೆಯ ಒಂಟಿ ಗುಂಡಿನ ಮಸ್ಕೆಟ್ ಮಾಡಿ ಪೊಲೀಸರಿಗೆ ಕೊಟ್ಟರು.

ಇದನ್ನೆಲ್ಲ ಹೇಳಿದಾಗ ಕಾಕಾ ಬಿರುಕಿನ ಕೇಸನ್ನ ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದ. "ಅವರು ಗೊತ್ತಿದ್ದ ಕೊರೆದ್ರು, ನಮ್ಮವರು ಗೊತ್ತಿಲ್ಲದ ಕೊರೆಸಿದ್ರು" ಅಂದ. ಮುಂದೆ ಚುನಾವಣೆಗೆ ಅಂತ ರೈಫಲ್ ಠಾಣೆಗೆ ಜಮಾ ಆಯ್ತು. ಫಲಿತಾಂಶ ಬಂದು ತಿಂಗಳುಗಳಾದವು, ಕಾಕಾ ಇನ್ನೂ ತರೋಕೆ ಹೋಗಿಲ್ಲ. ಹೊಲದಲ್ಲಿ ಸದ್ಯಕ್ಕೆ ಪಟಾಕಿ ಹಚ್ಚುತ್ತಿದ್ದಾನೆ.